ಒಂದೇ ಕನ್ನಡಕ, ಐದು ಜೊತೆ ಕಣ್ಣು

ಸೋಮವಾರ, ಆಷಾಢದ ಕೊನೆಯ ವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಸ್ಥಳ, ಚಿಕ್ಕಜಾಜೂರಿನ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ಮಗ, ಸೊಸೆ ಮತ್ತು ನಾಲ್ಕನೇ ತರಗತಿಯ ಮೊಮ್ಮಗಳು. ಕಣ್ಣು ಬೆಳ್ಳಗಿದ್ದವರು, ನನ್ನ ಹೆಂಡತಿ ಒಬ್ಬಳೇ.

ಉಳಿದ ನಾಲ್ವರಿಗೂ ಕಣ್ಣುಬೇನೆ. ನನ್ನ ಸೇರ್ಪಡೆ ಅಂದು ಬೆಳಗಿನದು. ಅಲಾರಾಂ ಇಲ್ಲದೆ ಐದಕ್ಕೆ ಏಳುವವನು ನಾನು. ಅಂದೂ ಐದಕ್ಕೇ ಎದ್ದೆ. ಬಲಗಣ್ಣು ಮಾತ್ರ ಏಳಲಿಲ್ಲ. ರೆಪ್ಪೆಗೆ ರೆಪ್ಪೆ ಗೀಜಿನಿಂದ ಅಂಟಿತ್ತು. ಬಿಸಿನೀರಿನಲ್ಲಿ ಒರೆಸಿ ಬಿಡಿಸಿಕೊಂಡು ಕನ್ನಡಿ ನೋಡಿದೆ. ಸಿಗ್ನಲ್ ಕೆಂಪು ಬಿದ್ದಿತ್ತು.

ಈ ಕಣ್ಣುಬೇನೆಗೆಂದೇ ಇಟ್ಟಿದ್ದ ರಿಜಿಸ್ಟರ್ ತೆಗೆದು ಬರೆದೆ: ‘ಕ್ರಮಸಂಖ್ಯೆ ನಾಲ್ಕು. ನಾನು. ಬಲಗಣ್ಣು. ಕಾರಣ ತಿಳಿಯದು.’

ಕೊನೆಯ ಎರಡು ಪದ ಬರೆಯುವಾಗ ಕೈ ತಡೆಯಿತು. ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾದವನು ನಾನು. ಗಾಡಿ ಎರಡು ನಿಮಿಷ ತಡವಾದರೂ ಕಾರಣದ ಕಾಲಂ ಖಾಲಿ ಬಿಟ್ಟವನಲ್ಲ.

ಆ ವಾರ ನಮ್ಮ ಮನೆಗೆ ಕಣ್ಣುಬೇನೆ ಬರಲೇಬಾರದಿತ್ತು. ಶುಕ್ರವಾರ ಚಿತ್ರದುರ್ಗದ ಕಣ್ಣಾಸ್ಪತ್ರೆಯಲ್ಲಿ ನನ್ನ ಹೆಂಡತಿಗೆ ಪೊರೆ ತೆಗೆಯುವುದಿತ್ತು. ಮೊದಲು ಒಮ್ಮೆ ಸಕ್ಕರೆ ಜಾಸ್ತಿ ಎಂದು ವಾಪಸು ಕಳಿಸಿದ್ದರು. ಇನ್ನೊಮ್ಮೆ ಕೆಮ್ಮು ಎಂದು. ಈ ಸಲವೂ ತಪ್ಪಿದರೆ ದೀಪಾವಳಿ ಕಳೆದ ಮೇಲೆಯೇ ಎಂದು ಹೇಳಿದ್ದರು. ಅಲ್ಲಿಯವರೆಗೆ ಕಾಯುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಮೊಮ್ಮಗಳ ಶಾಲೆಯ ಫೋಟೋ ಹಿಡಿದು, ‘ಈ ಹುಡುಗ ಲಕ್ಷಣವಾಗವ್ನೆ, ಯಾರ ಮನೇವ್ನು?’ ಎಂದು ಕೇಳಿದ್ದಳು. ಹಿತ್ತಲ ಬಾಗಿಲ ಮೇಲೆ ಒಣಹಾಕಿದ್ದ ನನ್ನ ಬನಿಯನ್ನನ್ನು ಬೆಕ್ಕೆಂದು ಗದರಿಸಿದ್ದಳು. ಅಕ್ಕಿಯ ಕಲ್ಲನ್ನು ಬೆರಳಿನಿಂದ ಹುಡುಕುತ್ತಿದ್ದಳು. ಬೆರಳು ತಪ್ಪಿದ್ದನ್ನು ನಮ್ಮ ಹಲ್ಲು ಹುಡುಕುತ್ತಿತ್ತು.

‘ಆಪರೇಷನ್ ಆದ್ಮೇಲೆ ಮೊದ್ಲು ಏನು ನೋಡ್ತೀಯ?’ ಎಂದು ಒಮ್ಮೆ ಕೇಳಿದ್ದೆ.

‘ಅಕ್ಕಿ.’

‘ನನ್ನ ಮುಖ?’

‘ಅದು ಎಲ್ಲಿಗೆ ಹೋಗತೈತೆ?’

ಹಿಂದಿನ ಬುಧವಾರ ಮೊಮ್ಮಗಳನ್ನು ಶಾಲೆಯಿಂದ ಮಧ್ಯಾಹ್ನವೇ ಮನೆಗೆ ಕಳಿಸಿದರು. ಎರಡೂ ಕಣ್ಣು ಕೆಂಪು. ತರಗತಿಯಲ್ಲಿ ಅರ್ಧ ಬೆಂಚು ಖಾಲಿಯಂತೆ. ಕಣ್ಣುಬೇನೆ ಬಂದವರ ಕಣ್ಣು ನೋಡಿದರೆ ನಮಗೂ ಬರುತ್ತದೆಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಸಂಗತಿ. ನಾನೂ ಬಲ್ಲೆ. ಅಂದು ಸಂಜೆಯೇ ಹೊಳಲ್ಕೆರೆಗೆ ಹೋಗಿ, ಗಡಿಯಾರ ರಿಪೇರಿ ಮಾಡುವ ನನ್ನ ಹಳೆಯ ಸ್ನೇಹಿತರಾದ ಸಾಹೇಬರ ಅಂಗಡಿಯಲ್ಲಿ ಕಪ್ಪು ಕನ್ನಡಕ ಕೇಳಿದೆ. ಗಡಿಯಾರಗಳನ್ನೆಲ್ಲ ಹಿಂದಕ್ಕೆ ಸರಿಸಿ ಅವರು ಮುಂದೆ ಬರೀ ಕಪ್ಪು ಕನ್ನಡಕವನ್ನೇ ತೂಗುಹಾಕಿದ್ದರು.

‘ಎಷ್ಟು ಕೊಡ್ಲಿ ಮಾಸ್ಟ್ರೆ?’

‘ಒಂದು.’

‘ಮನೇಲಿ ಐದು ಜನ ಅದೀರಲ್ರಿ.’

‘ಒಂದು ಸೆಕ್ಷನ್‌ಗೆ ಒಂದೇ ಟೋಕನ್ ಸಾಹೇಬ್ರೆ.’

‘ಯಾ ಅಲ್ಲಾ! ರಿಟೈರ್ ಆಗಿ ಹನ್ನೆರಡು ವರ್ಷ ಆಯ್ತು, ಇನ್ನಾ ಗಾಡಿ ಬಿಡಾಕ್ಹತ್ತೀರಲ್ರಿ,’ ಎಂದು ನಗುತ್ತಾ ಒಂದನ್ನು ಕಾಗದದಲ್ಲಿ ಸುತ್ತಿಕೊಟ್ಟರು.

ಟೋಕನ್ ಎಂದರೇನೆಂದು ಹೇಳಬೇಕು. ಆಗೆಲ್ಲ ನಮ್ಮದು ಒಂಟಿ ಹಳಿ. ಎರಡು ಸ್ಟೇಷನ್‌ಗಳ ನಡುವಿನ ಹಳಿ ಒಂದು ಸೆಕ್ಷನ್, ಅದರಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಅದಕ್ಕಾಗಿ ಕಬ್ಬಿಣದ ಗುಂಡೊಂದನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದೆವು. ಅದೇ ಟೋಕನ್. ಅದು ಕೈಯಲ್ಲಿದ್ದವನು ಮಾತ್ರ ಮುಂದೆ ಹೋಗಬಹುದು. ಒಂದೇ ಇರುವುದರಿಂದ ಎದುರುಬದುರು ಡಿಕ್ಕಿಯಾಗುವ ಮಾತೇ ಇಲ್ಲ. ನನ್ನ ಸೇವೆಯಲ್ಲಿ ಒಂದು ಡಿಕ್ಕಿಯೂ ಆಗಿಲ್ಲ.

ಈ ಪದ್ಧತಿಯನ್ನೇ ಮನೆಗೆ ತಂದೆ. ಮೊಮ್ಮಗಳ ಕೋಣೆ ಸೆಕ್ಷನ್. ಬಾಗಿಲ ಚೌಕಟ್ಟಿಗೆ ಒಂದು ಮೊಳೆ, ಮೊಳೆಗೆ ಕನ್ನಡಕ. ಅವಳು ಹೊರಗೆ ಬರಬೇಕಾದರೆ ಕನ್ನಡಕ ಹಾಕಿಕೊಂಡು ಬರಬೇಕು, ಅವಳ ದೃಷ್ಟಿ ನಮಗೆ ತಾಗಬಾರದು. ನಾವು ಒಳಗೆ ಹೋಗಬೇಕಾದರೆ ಅದೇ ಕನ್ನಡಕ ನಾವು ಹಾಕಿಕೊಂಡು ಹೋಗಬೇಕು, ನಮ್ಮ ದೃಷ್ಟಿ ಅವಳಿಗೆ ಸಿಗಬಾರದು. ಯಾರು ಎಷ್ಟು ಹೊತ್ತಿಗೆ ತೆಗೆದುಕೊಂಡರು, ಎಷ್ಟು ಹೊತ್ತಿಗೆ ಮೊಳೆಗೆ ಹಾಕಿದರು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕು. ನನ್ನ ಹೆಂಡತಿಗೆ ಆ ಕೋಣೆಗೆ ಪ್ರವೇಶವೇ ಇಲ್ಲ.

ಮೊದಲ ದಿನವೇ ತೊಡಕು ಬಂತು. ರಾತ್ರಿ ಊಟ ಕೊಡಲು ಹೋದ ಸೊಸೆ ಕಪ್ಪು ಕನ್ನಡಕದಲ್ಲಿ ತಟ್ಟೆ ಕಾಣದೆ ಸಾರನ್ನು ಹಾಸಿಗೆಗೆ ಬಡಿಸಿದಳು. ಒರೆಸುವ ಬಟ್ಟೆ ತರಲೆಂದು ಕನ್ನಡಕದ ಸಮೇತ ಅಡುಗೆಮನೆಗೆ ಓಡಿದಳು. ಅಷ್ಟರಲ್ಲಿ ಕೋಣೆಯಿಂದ ಕೂಗು.

‘ತಾತಾ, ಲೈನ್ ಕ್ಲಿಯರ್ ಕೊಡ್ರಿ, ಒಂದಕ್ಕೆ ಹೋಗ್ಬೇಕು!’

‘ಟೋಕನ್ ಅಡುಗೆಮನೇಲಿ ಐತೆ. ನಿಂತ್ಕೊ.’

‘ನಿಂತ್ಕಂಡ್ರೆ ಇಲ್ಲೇ ಆಗತೈತೆ ತಾತಾ!’

ಮಗ ಅವಳ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ಎತ್ತಿಕೊಂಡು ಬಚ್ಚಲಿಗೆ ಓಡಿದ. ನಿಯಮ ಮೀರಿದ್ದಕ್ಕೆ ರಿಜಿಸ್ಟರಿನಲ್ಲಿ ಷರಾ ಬರೆದೆ.

ಶುಕ್ರವಾರ ಸಂಜೆ ಸೊಸೆಯ ಕಣ್ಣು ಕೆಂಪಾಯಿತು. ‘ಕನ್ನಡಕದ ಪಕ್ಕದಿಂದ ನೋಡಿರ್ತೀಯಮ್ಮ,’ ಎಂದೆ. ‘ಇಲ್ಲ ಮಾವ,’ ಎಂದಳು, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾ. ಶನಿವಾರ ರಾತ್ರಿ ಮಗನ ಸರದಿ. ಅವನು ಪಕ್ಕದ ಊರಿನ ಹೈಸ್ಕೂಲಿನಲ್ಲಿ ಗುಮಾಸ್ತ.

‘ಏನಪ್ಪ, ಟೋಕನ್ ಇದ್ರೂ ಡಿಕ್ಕಿ ಆಯ್ತಲ್ಲ!’ ಎಂದ.

‘ನೀನು ಮೇಲಿಂದ ನೋಡಿದೀಯ. ನಿನ್ನ ಮೂಗು ಸಣ್ಣದು, ಕನ್ನಡಕ ಜಾರತೈತೆ.’

‘ಮೂಗು ನಿಮ್ದೇ ಅಲ್ವಾ?’ ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅಪಘಾತವಾದರೆ ಮೊದಲು ನೌಕರನ ತಪ್ಪು ಹುಡುಕುವುದು, ನಿಯಮದ ತಪ್ಪನ್ನು ಕೊನೆಗೆ ನೋಡುವುದು. ನಾನು ಕಲಿತದ್ದು ಹಾಗೆ. ಆದರೆ ಸೋಮವಾರ ಬೆಳಿಗ್ಗೆ ಬಿದ್ದವನು ನಾನೇ. ನಾನು ಪಕ್ಕದಿಂದ ನೋಡಿರಲಿಲ್ಲ, ಮೇಲಿಂದಲೂ ನೋಡಿರಲಿಲ್ಲ. ಜ್ವರ ನೋಡಲು ಕೋಣೆಗೆ ಹೋದಾಗಲೆಲ್ಲ ಕನ್ನಡಕವನ್ನು ಕಣ್ಣಿಗೆ ಒತ್ತಿ ಹಿಡಿದುಕೊಂಡೇ ಹೋಗಿದ್ದೆ. ಆ ಹೊತ್ತು ನನ್ನ ಪದ್ಧತಿಯ ಮೇಲೇ ನನಗೆ ಅನುಮಾನ ಬಂತು. ಸುಮಾರು ಐದು ನಿಮಿಷ ಇತ್ತು. ಆಮೇಲೆ ಹೋಯಿತು.

ಆರೂವರೆಗೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಫೋನು ಮಾಡಿ, ನಾಲ್ಕು ಕೇಸು ಆಗಿವೆ, ಬಂದು ನೋಡಿ ಎಂದು ವರದಿ ಕೊಟ್ಟೆ. ಒಂಬತ್ತರ ಮೇಲೆ ಬರುತ್ತೇನೆ ಎಂದರು. ಅಷ್ಟರೊಳಗೆ ಹೆಂಡತಿಯ ರಕ್ಷಣೆಯ ವ್ಯವಸ್ಥೆಯಾಗಬೇಕಿತ್ತು. ಈಗ ಇಡೀ ಮನೆಯೇ ಸೆಕ್ಷನ್. ನಾಲ್ಕು ಕಡೆಯಿಂದ ಕೆಂಪು ಕಣ್ಣು. ಆದ್ದರಿಂದ ಟೋಕನ್ ಶುಕ್ರವಾರದವರೆಗೂ ಅವಳ ಬಳಿಯೇ ಇರತಕ್ಕದ್ದು ಎಂದು ತೀರ್ಮಾನಿಸಿದೆ. ಅವಳು ಅಡುಗೆಮನೆಯಲ್ಲಿ ಕುಳಿತು ಸಾರಿನ ಪುಡಿಗೆ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಕನ್ನಡಕ ಮುಂದೆ ಹಿಡಿದೆ.

‘ತಗೋ. ಹಾಕ್ಕೊ. ಶುಕ್ರವಾರದವರೆಗೂ ತೆಗೀಬೇಡ.’

‘ಮಲಗಿದಾಗ?’

‘ಆಗ್ಲೂ.’

‘ನಿಮ್ಗೆ ಬುದ್ಧಿ ಐತೇನ್ರಿ? ಊರವ್ರ ಮೂಗಿನ ಮೇಲೆ ಕುಂತು ಬಂದಿದ್ದನ್ನ ನಾ ಹಾಕ್ಕಳಲ್ಲ.’

‘ಊರವ್ರಲ್ಲ ಮಾರಾಯ್ತಿ, ಮನೆಯವ್ರೇ.’

‘ಮನೆಯವ್ರ ಬೆವರು ಪನ್ನೀರಾ?’

ಅವಳ ಈ ಸ್ವಭಾವ ಹೊಸದಲ್ಲ. ಮದುವೆಯಾಗಿ ಬಂದ ದಿನದಿಂದ ಅವಳ ಟವೆಲ್ ಬೇರೆ, ಚೊಂಬು ಬೇರೆ, ದಿಂಬು ಬೇರೆ. ಯಾರಾದರೂ ಅವಳ ಟವೆಲಿಗೆ ಕೈ ಒರೆಸಿದರೆ ಅದನ್ನು ಕೋಲಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ನಾವು ಉಳಿದವರೆಲ್ಲ ಬಚ್ಚಲ ಬಾಗಿಲಿನ ಒಂದೇ ಟವೆಲಿಗೆ ಮುಖ ಒರೆಸುವವರು. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅದನ್ನು ನಾನೇ ತಪ್ಪದೆ ಬದಲಿಸುತ್ತೇನೆ. ಅವಳದು ರಿಸರ್ವೇಶನ್ ಬೋಗಿ ಎಂದು ನಲವತ್ತು ವರ್ಷ ನಕ್ಕಿದ್ದೇನೆ.

ಅಂದು ನಗುವ ಹೊತ್ತಾಗಿರಲಿಲ್ಲ. ‘ದೀಪಾವಳಿವರೆಗೂ ಕಲ್ಲು ತಿನ್ನಾಣ ಬಿಡು ಹಂಗಾದ್ರೆ,’ ಎಂದೆ. ಆ ಮಾತು ನಾಟಿತು. ಮೆಣಸಿನಕಾಯಿ ಮುಗಿಸಿ ಹಾಕಿಕೊಳ್ಳುತ್ತೇನೆ ಎಂದಳು. ಮುಗಿಸಿದ ಮೇಲೆ, ಎಲ್ಲರಿಗೂ ಉಪ್ಪಿಟ್ಟು ಆಗಲಿ ಎಂದಳು. ಉಪ್ಪಿಟ್ಟೂ ಆಯಿತು. ಒಂಬತ್ತು ಇಪ್ಪತ್ತಕ್ಕೆ ಬೇರೆ ನೆಪ ಸಿಗದೆ, ಮುಖ ಕಿವುಚಿಕೊಂಡು ಕನ್ನಡಕ ಕೈಗೆ ತೆಗೆದುಕೊಂಡಳು. ಸೆರಗಿನ ತುದಿಯಿಂದ ಅದರ ಎರಡೂ ಗಾಜು ತಿಕ್ಕಿದಳು. ಬಾಯಿಂದ ಹಬೆ ಊದಿ ಮತ್ತೆ ತಿಕ್ಕಿದಳು. ಕಿವಿಯ ಹತ್ತಿರ ತಂದಳು.

‘ಅಜ್ಜೀ, ತಡೀರಿ ತಡೀರಿ! ಅದ್ಯಾರ್ದು ಕನ್ನಡಕ?’

ಹೊಸ್ತಿಲಲ್ಲಿ ಆಶಾ ಕಾರ್ಯಕರ್ತೆ ನಿಂತಿದ್ದರು, ಹೆಗಲಲ್ಲಿ ಚೀಲ, ಚಪ್ಪಲಿ ಇನ್ನೂ ಕಾಲಲ್ಲಿ.

‘ಮನೇದು,’ ಎಂದೆ.

‘ಮನೇದು ಅಂದ್ರೆ ಯಾರ್ದು ಸಾರ್?’

‘ಎಲ್ಲಾರ್ದೂ. ಪದ್ಧತಿ ಪ್ರಕಾರ ಐತೆ, ನೋಡ್ರಿ,’ ಎಂದು ಹೆಮ್ಮೆಯಿಂದ ರಿಜಿಸ್ಟರ್ ತೆರೆದು ಮುಂದೆ ಹಿಡಿದೆ.

ಅವರು ಅದನ್ನು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ಓದಿದರು. ಪುಟ ತಿರುಗಿಸಿ ಎಂದರು, ತಿರುಗಿಸಿದೆ. ಇನ್ನೊಂದು ಎಂದರು. ಎರಡನೇ ಪುಟದ ಹೊತ್ತಿಗೆ ಅವರ ಭುಜ ಅಲುಗಾಡಲು ಶುರುವಾಯಿತು.

‘ಸಾರ್, ನಾನು ಎಷ್ಟೋ ಮನೆ ಸರ್ವೆ ಮಾಡಿದೀನಿ. ಕಣ್ಣುಬೇನೆ ಯಾರಿಂದ ಹತ್ತಿ ಯಾರ ಹತ್ರ ಇಳೀತು ಅಂತ ಟೈಮ್ ಸಮೇತ ಯಾರೂ ಬರೆದಿರ್ಲಿಲ್ಲ. ನೋಡ್ರಿ, ಬುಧವಾರ ನಿಮ್ ಸೊಸೆ ಸಹಿ, ಶುಕ್ರವಾರ ಕಣ್ಣು ಕೆಂಪು. ಗುರುವಾರ ನಿಮ್ ಮಗ, ಶನಿವಾರ ಕೆಂಪು. ಶುಕ್ರವಾರ, ಶನಿವಾರ ನಿಮ್ ಸಹಿ…’

‘ಆದ್ರೆ ನಾನು ನೋಡ್ಲೇ ಇಲ್ಲ ಅವಳ ಕಣ್ಣನ್ನ!’

‘ನೋಡಿದ್ರೆ ಬರಲ್ಲ ಸಾರ್. ನೋಡಿದ್ರೆ ಬರೋ ಹಂಗಿದ್ರೆ ಮೊದ್ಲು ನಂಗೆ ಬರ್ಬೇಕಿತ್ತು, ದಿನಾ ಇದೇ ಕಣ್ಣು ನೋಡೋ ಕೆಲ್ಸ ನಂದು. ಕಣ್ಣೀರು, ಗೀಜು ಕೈಗೆ ಹತ್ತತೈತೆ. ಕೈಯಿಂದ ಟವೆಲ್‌ಗೆ, ದಿಂಬಿಗೆ, ಬಾಗಿಲ ಚಿಲಕಕ್ಕೆ. ಇನ್ನೊಬ್ರು ಅದನ್ನ ಮುಟ್ಟಿ ಕಣ್ಣು ಉಜ್ಕಂಡ್ರೆ ಮುಗೀತು. ನೀವು ಉಜ್ಕಳೋ ಕಷ್ಟನೂ ಕೊಟ್ಟಿಲ್ಲ, ನೆಟ್ಟಗೆ ತಂದು ಕಣ್ಣಿಗೇ ಇಟ್ಟಿದೀರ. ಕಪ್ಪು ಕನ್ನಡಕ ಹಾಕೋದು ಬೇನೆ ಬಂದೋರಿಗೆ ಬೆಳಕು ಚುಚ್ಚಬಾರ್ದು ಅಂತ, ಅಷ್ಟೇ. ಡಿಕ್ಕಿ ಆಗ್ದಂಗೆ ನೋಡ್ಕಬೇಕಾದ ಟೋಕನ್ನೇ ನಿಮ್ ಮನೇಲಿ ಒಬ್ಬೊಬ್ರಿಗೂ ಡಿಕ್ಕಿ ಹೊಡ್ಕಂಡು ಬಂದೈತೆ.’

ಒಳಗಿನಿಂದ ಮಗ ನಕ್ಕದ್ದು ಕೇಳಿಸಿತು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಕಣ್ಣು ಹೆಂಡತಿಯ ಕೈಯ ಮೇಲಿತ್ತು. ಕನ್ನಡಕ ಇನ್ನೂ ಆ ಕೈಯಲ್ಲೇ ಇತ್ತು.

ಆಶಾ ಕಾರ್ಯಕರ್ತೆ ನಗು ನಿಲ್ಲಿಸಿ ಕೇಳಿದರು. ‘ಅಜ್ಜಿ, ಮೆಲ್ಲಗೆ ಅದನ್ನ ಕೆಳಗಿಡ್ರಿ. ಬೆಳಿಗ್ಗೆಯಿಂದ ಅದನ್ನ ಮುಟ್ಟಿ ಆಮೇಲೆ ಕಣ್ಣು ಮುಟ್ಕಂಡ್ರಾ? ಸೆರಗಲ್ಲಿ ಒರಸ್ಕಂಡ್ರಾ?’

ಅವಳು ಯೋಚಿಸಿದಳು. ಸೂರಿನ ಕಡೆ ನೋಡಿದಳು. ಇಷ್ಟು ಹೊತ್ತು ಯೋಚಿಸುವ ಹೆಂಗಸಲ್ಲ ಅವಳು. ದೀಪಾವಳಿ ನನ್ನ ಕಣ್ಣೆದುರು ಬಂದು ನಿಂತಿತು.

‘ಎಡಗಣ್ಣು ಕಡೀತಿತ್ತು,’ ಎಂದಳು.

‘ಮುಟ್ಕಂಡ್ರಾ?’

‘ಮುಟ್ಟಾಣ ಅಂತಿದ್ದೆ. ಮೆಣಸಿನಕಾಯಿ ಮುರಿದ ಕೈಯಲ್ವಾ? ಯಾರು ಮುಟ್ಕಳ್ತಾರೆ?’

ಮೂವತ್ತಾರು ವರ್ಷದ ಸೇವೆಯಲ್ಲಿ ನಾನು ಯಾವ ಒಣಮೆಣಸಿನಕಾಯಿಗೂ ಇಷ್ಟು ಋಣಿಯಾಗಿರಲಿಲ್ಲ.

ಆಮೇಲಿನ ಅರ್ಧ ಗಂಟೆ ಆಶಾ ಕಾರ್ಯಕರ್ತೆ ಹೇಳಿದಂತೆ ನಡೆಯಿತು. ಹೆಂಡತಿ ಎರಡು ಸಲ ಸೋಪು ಹಚ್ಚಿ ಕೈ ತೊಳೆದಳು, ಸೀರೆ ಬದಲಿಸಿದಳು. ನಾವು ನಾಲ್ವರೂ ಕೈ ತೊಳೆದೆವು. ಬೆರಳ ಸಂದಿ, ಉಗುರಿನ ಕೆಳಗೆ ಎಲ್ಲವನ್ನೂ ತೋರಿಸಿ ತೊಳೆಸಿದರು. ನನ್ನ ಉಗುರು ನೋಡಿ ‘ಇನ್ನೊಂದ್ಸಲ ಸಾರ್’ ಎಂದರು. ಅಂಗಡಿಯಿಂದ ತಂದು ಮೂವರೂ ಸರದಿಯಲ್ಲಿ ಹಾಕಿಕೊಳ್ಳುತ್ತಿದ್ದ, ಅಂದು ಬೆಳಿಗ್ಗೆ ನಾನೂ ಹಾಕಿಕೊಂಡಿದ್ದ ಒಂದೇ ಡ್ರಾಪ್ಸ್ ಬಾಟಲಿಯನ್ನು ಎತ್ತಿ ಪಕ್ಕಕ್ಕಿಡಿಸಿದರು. ಡಾಕ್ಟರು ನೋಡಿ ಬರೆದುಕೊಟ್ಟದ್ದನ್ನು ಮಾತ್ರ ಹಾಕಬೇಕು, ಒಬ್ಬರ ಬಾಟಲಿ ಇನ್ನೊಬ್ಬರು ಮುಟ್ಟಬಾರದು. ಕೊನೆಗೆ, ‘ಅಜ್ಜಿಗೆ ಯಾಕೆ ಬರ್ಲಿಲ್ಲ ಅಂತ ಗೊತ್ತಾ?’ ಎಂದು ಬಚ್ಚಲ ಹತ್ತಿರ ಬೇರೆಯಾಗಿ ತೂಗುತ್ತಿದ್ದ ಅವಳ ಟವೆಲ್ ತೋರಿಸಿದರು. ‘ಎಲ್ರೂ ಅಜ್ಜಿ ಥರ ಇದ್ರೆ ನಂಗೆ ಕೆಲ್ಸನೇ ಇರ್ತಿರ್ಲಿಲ್ಲ.’

‘ಜೋರಾಗಿ ಹೇಳವ್ವ,’ ಎಂದಳು ನನ್ನ ಹೆಂಡತಿ. ‘ಅವ್ರಿಗೆ ಕಣ್ಣು ನೋವು, ಸರಿಯಾಗಿ ಕೇಳ್ಸಲ್ಲ.’

ಹತ್ತೂಕಾಲಿಗೆ ಕಣ್ಣಾಸ್ಪತ್ರೆಗೆ ಫೋನು ಮಾಡಿದೆ. ನಾಲ್ವರಿಗೆ ಬಂದಿದೆ ಎಂಬುದನ್ನು ಮುಚ್ಚಿಡಬಹುದಿತ್ತು. ಮಗನೂ ಹಾಗೇ ಸನ್ನೆ ಮಾಡಿದ. ಆದರೆ ಮುಂದೆ ಹಳಿ ಸರಿಯಿಲ್ಲವೆಂದು ಗೊತ್ತಿದ್ದೂ ಗಾಡಿ ಬಿಡುವುದು ನನ್ನಿಂದಾಗದು. ಎಲ್ಲವನ್ನೂ ಹೇಳಿದೆ. ಆ ಕಡೆಯ ಹೆಣ್ಣುಮಗಳು ಯಾರನ್ನೋ ಕೇಳಿ ಬಂದು ಉತ್ತರ ಕೊಟ್ಟಳು. ಆಪರೇಷನ್ ಆಗಬೇಕಾದವರನ್ನು ಈಗಲೇ ಬೇರೆ ಮನೆಯಲ್ಲಿಡಿ. ಶುಕ್ರವಾರದವರೆಗೂ ಕಣ್ಣು ಕೆಂಪಾಗದಿದ್ದರೆ ಕರೆದುಕೊಂಡು ಬನ್ನಿ, ಡಾಕ್ಟರು ಪರೀಕ್ಷೆ ಮಾಡಿ ಹೇಳುತ್ತಾರೆ. ಕಣ್ಣುಬೇನೆ ಇರುವವರು ಜೊತೆಗೆ ಬರಬಾರದು.

‘ನಾನು ಅವ್ರ ಯಜಮಾನ.’

‘ನಿಮ್ ಕಣ್ಣು ಹೆಂಗೈತೆ ಸಾರ್?’

ಫೋನಿಟ್ಟೆ.

ಮಧ್ಯಾಹ್ನ ಎರಡು ಹತ್ತಕ್ಕೆ ನನ್ನ ಹೆಂಡತಿಯನ್ನು ಕರೆದೊಯ್ಯಲು ಹೊಸದುರ್ಗದಿಂದ ಅವಳ ತಂಗಿ ಬಂದಳು. ಗೇಟಿನಿಂದ ಈಚೆಗೆ ಬರಬೇಡ ಎಂದು ಮೊದಲೇ ಹೇಳಿದ್ದೆ. ಗೇಟಿನಾಚೆ ನಿಂತೇ ಕೂಗಿದಳು: ‘ಏನ್ ಭಾವ, ಒಂದೇ ಕನ್ನಡಕದಲ್ಲಿ ಮೂರು ವಿಕೆಟ್ ತಗಂಡ್ರಂತೆ?’ ಸುದ್ದಿ ನನ್ನ ವರದಿಗಿಂತ ಮೊದಲೇ ಹೊಸದುರ್ಗ ಮುಟ್ಟಿತ್ತು.

ಹೆಂಡತಿ ತನ್ನ ಟವೆಲ್, ಚೊಂಬು, ದಿಂಬು ಸಮೇತ ಹೊರಟಳು. ನಾನು ಪಡಸಾಲೆಯ ಕಂಬದ ಹತ್ತಿರವೇ ನಿಂತೆ. ಎಷ್ಟೋ ಗಾಡಿಗಳನ್ನು ಬಾವುಟ ಹಿಡಿದು ಕಳಿಸಿದ ಕೈ ತಾನಾಗಿ ಮೇಲೆ ಹೋಯಿತು. ಅವಳು ಗೇಟಿನಲ್ಲಿ ತಿರುಗಿ, ಪಕ್ಕದ ನುಗ್ಗೆಮರಕ್ಕೆ ಕೈ ಬೀಸಿದಳು.

‘ಅಕ್ಕಾ, ಭಾವ ಈ ಕಡೆ ಅವ್ರೆ.’

‘ಇರ್ಲಿ ಬಿಡೆ, ಮರಕ್ಕೂ ನಾನು ಬೇಕು,’ ಎಂದು ಹೋದಳು.

ಅಂದು ಸಂಜೆಯವರೆಗೆ ದಿಂಬಿನ ಚೀಲ, ಟವೆಲ್, ಹೊದಿಕೆಗಳನ್ನು ಕುದಿಸಿ ಬಿಸಿಲಿಗೆ ಹಾಕಿದೆವು. ಚಿಲಕ, ನಲ್ಲಿ, ಟಿವಿ ರಿಮೋಟು ಎಲ್ಲವನ್ನೂ ಸೋಪುನೀರಿನ ಬಟ್ಟೆಯಲ್ಲಿ ಒರೆಸಿದೆ. ಬಚ್ಚಲ ಗೋಡೆಗೆ ಐದು ಮೊಳೆ ಹೊಡೆದು, ಒಂದೊಂದರ ಕೆಳಗೂ ಯಾರದೆಂದು ಬರೆದು, ಹೆಂಡತಿಯದನ್ನು ಖಾಲಿ ಬಿಟ್ಟು ಉಳಿದವಕ್ಕೆ ಒಂದೊಂದು ಟವೆಲ್ ಹಾಕಿದೆ. ಕನ್ನಡಕವನ್ನು ಸೋಪಿನಲ್ಲಿ ತೊಳೆದು ಮೊಮ್ಮಗಳಿಗೊಬ್ಬಳಿಗೇ ಕೊಟ್ಟೆ. ರಿಜಿಸ್ಟರಿನಲ್ಲಿ ಟೋಕನ್ ರದ್ದು ಎಂದು ಬರೆದು, ನಾಲ್ಕನೇ ಕ್ರಮಸಂಖ್ಯೆಯ ಮುಂದಿದ್ದ ‘ಕಾರಣ ತಿಳಿಯದು’ ಎಂಬುದನ್ನು ಹೊಡೆದುಹಾಕಿದೆ. ಅದರ ಮೇಲೆ ‘ಕಾರಣ: ಸ್ಟೇಷನ್ ಮಾಸ್ಟರ್’ ಎಂದು ಬರೆದೆ.

ಮಂಗಳವಾರ, ಬುಧವಾರ, ಗುರುವಾರ ಬೆಳಿಗ್ಗೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ ನಾದಿನಿಗೆ ಫೋನು ಮಾಡಿದೆ. ಆರೂ ಸಲ ಒಂದೇ ಪ್ರಶ್ನೆ, ಐದು ಸಲ ‘ಬೆಳ್ಳಗವೆ ಭಾವ’ ಎಂಬ ಉತ್ತರ. ಆರನೇ ಸಲ ಮಾತ್ರ, ‘ಹಾಲಿನಂಗವೆ, ಮೊಸರು ಮಾಡಬಹುದು, ಇನ್ನು ಮಲಗಾಕೆ ಬಿಡ್ರಿ,’ ಎಂದಳು. ಶುಕ್ರವಾರ ನಾನು ಪಡಸಾಲೆಯಲ್ಲಿ ಹೊರ ಸಿಗ್ನಲ್‌ನಲ್ಲಿ ನಿಂತ ಗಾಡಿಯ ಹಾಗೆ ಕುಳಿತಿದ್ದೆ. ಹನ್ನೊಂದು ಐದಕ್ಕೆ ಫೋನು ಬಂತು: ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ ಸರಿಯಿದೆ ಎಂದು ಒಳಗೆ ಕರೆದುಕೊಂಡರು. ಹನ್ನೆರಡು ಇಪ್ಪತ್ತಕ್ಕೆ ಇನ್ನೊಂದು: ಆಯಿತು, ಹೊರಗೆ ಬಂದಳು, ಕಾಫಿ ಕೇಳುತ್ತಿದ್ದಾಳೆ.

ಶ್ರಾವಣದ ಎರಡನೇ ಭಾನುವಾರ, ಸಂಜೆ ನಾಲ್ಕೂವರೆ. ಹಾಜರಿದ್ದವರು ಐವರೂ. ಕಣ್ಣು ಬೆಳ್ಳಗಿದ್ದವರು ಐವರೂ; ನಾವೆಲ್ಲ ಗುಣವಾಗಿ ವಾರ ಕಳೆದ ಮೇಲೆಯೇ ಅವಳನ್ನು ಕರೆಸಿಕೊಂಡಿದ್ದೆವು. ಆಟೋ ಇಳಿದು ಬಂದ ಅವಳ ಮುಖದ ಮೇಲೆ ದೊಡ್ಡದೊಂದು ಕಪ್ಪು ಕನ್ನಡಕ. ಆಸ್ಪತ್ರೆಯವರು ಕೊಟ್ಟದ್ದು.

‘ಅಜ್ಜೀ, ನಂಗೊಂದ್ಸಲ…’ ಎಂದು ಮೊಮ್ಮಗಳು ಕೈ ಚಾಚಿದಳು.

‘ಮುಟ್ಟಬೇಡ!’ ಎಂದು ಮಗ, ಸೊಸೆ, ನಾನು ಒಟ್ಟಿಗೆ ಕೂಗಿದೆವು.

ಅವಳು ಸೋಪು ಹಚ್ಚಿ ಕೈ ತೊಳೆದು ನೇರ ಅಡುಗೆಮನೆಗೆ ಹೋದಳು. ಕಿಟಕಿಯ ಹತ್ತಿರ ಕುಳಿತು, ಅವಳಿಲ್ಲದಾಗ ನಾನೇ ಆರಿಸಿಟ್ಟಿದ್ದ ಅಕ್ಕಿಯನ್ನು ಮೊರಕ್ಕೆ ಸುರಿದು ಕೇರಿದಳು.

‘ಇದನ್ನ ಯಾರು ಆರ್ಸಿದ್ದು?’

‘ನಾನು.’

ಒಂದೊಂದೇ ಕಲ್ಲು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಏಳನೆಯದಾದ ಮೇಲೆ ನಾನೇ ಕೈ ಮುಚ್ಚಿಕೊಂಡೆ.

ಅವಳ ಕನ್ನಡಕಕ್ಕೆ ಬೇರೆ ಜಾಗ ಬೇಕಿತ್ತು. ಅವಳ ಮಂಚದ ಮೇಲಿನ ಗೋಡೆಗೆ, ಮೊಮ್ಮಗಳ ಕೈಗೆ ನಿಲುಕದ ಎತ್ತರದಲ್ಲಿ ಮೊಳೆಯಿಟ್ಟು ಹೊಡೆದೆ. ಅವಳು ಹಿಂದೆ ನಿಂತು ನೋಡುತ್ತಿದ್ದಳು.

‘ಓರೆ ಆಗೈತೆ.’

‘ಇಲ್ಲ.’

‘ಆಗೈತೆ ರೀ. ಬಚ್ಚಲಲ್ಲಿ ಹೊಡೆದಿರೋ ಐದೂ ಓರೆ ಅವೆ. ಬರ್ತಾ ನೋಡ್ದೆ.’

ಎರಡು ಹೆಜ್ಜೆ ಹಿಂದೆ ಬಂದು ನೋಡಿದೆ. ಓರೆಯಾಗಿತ್ತು. ಕಿತ್ತು ಇನ್ನೊಮ್ಮೆ ಹೊಡೆದೆ. ಬಚ್ಚಲಿಗೆ ಹೋಗಿ ಅಲ್ಲಿಯ ಐದನ್ನೂ ಕಿತ್ತು, ಅವಳು ಬಾಗಿಲಲ್ಲಿ ನಿಂತು ‘ಎಡಕ್ಕೆ, ಇನ್ನಾ ಎಡಕ್ಕೆ, ಹಾಂ’ ಎಂದ ಹಾಗೆ ನೆಟ್ಟಗೆ ಹೊಡೆದು, ಟವೆಲುಗಳನ್ನು ಅವರವರ ಮೊಳೆಗೆ ಹಾಕಿದೆ. ಕೊನೆಯ ಮೊಳೆ ಮುಗಿದಾಗ ಆರು ಗಂಟೆ ನಲವತ್ತು ನಿಮಿಷ.